ಕೂತುಬಿಟ್ಟರೆ ಸಿಗುವ ಸಮಾಧಾನ

ಡಿ.ಎಡ್., ಬಿ.ಎಡ್. ಓದಿದ ಯಾರನ್ನೇ ಕೇಳಿ, ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಇವು ಮೂರನ್ನೂ ನಿದ್ದೆಗಣ್ಣಲ್ಲೇ ಹೇಳಿಬಿಡುತ್ತಾರೆ. ಗಂಟೆ ಬಾರಿಸಿದರೆ ನಾಯಿಗೆ ಜೊಲ್ಲು, ಸನ್ನೆ ಒತ್ತಿದರೆ ಇಲಿಗೆ ಕಾಳು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ ಕೂರುವವರು ಈ ಪ್ರಾಣಿಗಳನ್ನು ವಿಜ್ಞಾನಿಗಳ ಜೊತೆ ಹೊಂದಿಸಿ ಬರೆಯುವುದನ್ನು ರೂಢಿಮಾಡಿಕೊಂಡಿರುತ್ತಾರೆ. ಆದರೆ ಎದ್ದು ನಿಂತು ಮಾತಾಡು ಎಂದರೆ ನಾಲಿಗೆ ಒಣಗಿಸಿಕೊಂಡು ನೆಲ ನೋಡುವ ಹುಡುಗಿಗೂ ಆ ನಾಯಿ, ಇಲಿಗಳಿಗೂ ಏನಾದರೂ ಸಂಬಂಧ ಇದೆಯೇ ಎಂದು ಕೇಳಿದವರು ಕಡಿಮೆ. ನಮ್ಮ ತಲೆಮಾರಿನ ಶಾಲೆಯ ನೆನಪುಗಳನ್ನು ಈಗ ಕೆದಕಿ ನೋಡುವಾಗ ನನಗೆ ಎದ್ದು ಕಾಣುವ ವಿಚಿತ್ರ ಇದು: ಸಭಾಕಂಪನ ಹೇಗೆ ಹುಟ್ಟುತ್ತದೆ, ಹೇಗೆ ಇಳಿಯುತ್ತದೆ ಎಂಬ ತಿಳಿವಳಿಕೆ ಶಿಕ್ಷಕರ ಪಠ್ಯಪುಸ್ತಕದಲ್ಲೇ ಇತ್ತು, ತರಗತಿಯಲ್ಲಿ ನಡೆಯುತ್ತಿದ್ದದ್ದು ಮಾತ್ರ ಅದಕ್ಕೆ ತೀರಾ ವಿರುದ್ಧವಾದದ್ದು. ಸಭೆಯ ಭಯ ಬಹುಪಾಲು ಕಲಿತ ಪಾಠ ಎಂಬುದು ನನ್ನ ವಾದ. ಆ ಪಾಠವನ್ನು ಗಟ್ಟಿಮಾಡಿದ್ದರಲ್ಲಿ ಬೈಗುಳಕ್ಕಿಂತ, ಗೇಲಿಗಿಂತ ಹೆಚ್ಚಿನ ಪಾಲು ತಪ್ಪಿಸಿಕೊಂಡಾಗ ಸಿಕ್ಕ ಸಮಾಧಾನದ್ದು.

ಆಗ ಶಾಲೆಯಲ್ಲಿ ಮಕ್ಕಳು ಮಾತಾಡಬೇಕಾದ ಸಂದರ್ಭಗಳೇ ಕೈಬೆರಳಲ್ಲಿ ಎಣಿಸುವಷ್ಟು. ಆಗಸ್ಟ್ 15, ಜನವರಿ 26, ಶಿಕ್ಷಕರ ದಿನಾಚರಣೆ, ವಾರ್ಷಿಕೋತ್ಸವ. ಮೇಷ್ಟರೋ ಅಣ್ಣನೋ ಬರೆದುಕೊಟ್ಟ ಭಾಷಣ. ಅಧ್ಯಕ್ಷರು, ಗುರುಹಿರಿಯರು, ಸಹಪಾಠಿಗಳು ಎಂದು ಎಲ್ಲರಿಗೂ ವಂದಿಸುವಷ್ಟರಲ್ಲಿ ಅದು ಅರ್ಧ ಮುಗಿದಿರುತ್ತಿತ್ತು. ಎಲ್ಲವೂ ಬಾಯಿಪಾಠ, ಹಾಗಾಗಿ ಒಂದು ಪದ ಮರೆತರೆ ಅದರ ಹಿಂದಿದ್ದ ಪದಗಳೂ ಸಾಲಾಗಿ ಮಾಯ. ವರ್ಷವಿಡೀ ಬಾಯಿ ಬಿಚ್ಚಲು ಬಿಡದೆ, ಮೊದಲ ಸಲವೇ ಇಡೀ ಶಾಲೆ, ಊರ ಹಿರಿಯರು, ಮೈಕು ಎಲ್ಲದರ ಎದುರು ಮಗುವನ್ನು ನಿಲ್ಲಿಸುತ್ತಿದ್ದೆವು. ಮಗು ತಡವರಿಸಿದರೆ ಒಂದು ಅಲೆ ನಗು. ಆಮೇಲೆ ಯಾರಾದರೂ ಕರುಣೆಯಿಂದ ‘ಸಾಕು, ಹೋಗಿ ಕೂತ್ಕೋ’ ಎನ್ನುತ್ತಿದ್ದರು. ನಗು ಕ್ರೂರ, ಕೂತ್ಕೋ ಎಂದದ್ದು ದಯೆ ಎಂದೇ ನಾವೆಲ್ಲ ನಂಬಿದ್ದೆವು. ಕಲಿಕೆಯ ಶಾಸ್ತ್ರ ಇಲ್ಲಿ ಬೇರೆ ಮಾತು ಹೇಳುತ್ತದೆ. ನಗು ಭಯವನ್ನು ಹುಟ್ಟಿಸಬಹುದು. ಅದನ್ನು ವರ್ಷಗಟ್ಟಲೆ ಸಾಕುವುದು ಕೂತ ಕ್ಷಣದಲ್ಲಿ ಎದೆಬಡಿತ ಇಳಿದಾಗ ಸಿಗುವ ಆ ನೆಮ್ಮದಿ.

ಭಯದ ಕಲಿಕೆಯ ಕಥೆಯನ್ನು 1920ರಿಂದ ಹೇಳುವುದು ವಾಡಿಕೆ. ಆ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ವ್ಯಾಟ್ಸನ್ ಮತ್ತು ರೊಸಾಲಿ ರೇನರ್ ಇನ್ನೂ ವರ್ಷ ತುಂಬದ ಒಂದು ಕೂಸಿನ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೂಸು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಸ್ವಲ್ಪದರಲ್ಲೇ ಇಲಿ ಕಂಡರೆ ಸಾಕು, ಕೂಸು ಅಳತೊಡಗಿತು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ. ಭಯವನ್ನು ಕಲಿಸಬಹುದು ಎಂದು ತೋರಿಸಿಕೊಟ್ಟ ಅವರು ಆ ಕೂಸಿನ ಭಯ ಬಿಡಿಸುವ ಗೋಜಿಗೂ ಹೋಗಲಿಲ್ಲ. ಆದರೆ ಇಲ್ಲೊಂದು ತೊಡಕಿದೆ. ಗಂಟೆಯ ಹಿಂದೆ ಊಟ ಬರುವುದು ನಿಂತರೆ ಪಾವ್ಲೋವನ ನಾಯಿಯ ಜೊಲ್ಲೂ ಕ್ರಮೇಣ ನಿಲ್ಲುತ್ತದೆ. ಹಾಗಿದ್ದಮೇಲೆ ಒಮ್ಮೆ ನಕ್ಕ ಸಭೆಯ ನೆನಪು ಮೂವತ್ತು ವರ್ಷ ಕಳೆದರೂ ಏಕೆ ಮಾಸುವುದಿಲ್ಲ? 1947ರಲ್ಲಿ ಹೋಬಾರ್ಟ್ ಮೌರರ್ ಕೊಟ್ಟ ಉತ್ತರ ಸರಳವಾಗಿದೆ. ಭಯ ಹುಟ್ಟುವುದು ಒಂದು ಬಗೆಯ ಕಲಿಕೆಯಿಂದ, ಉಳಿಯುವುದು ಇನ್ನೊಂದರಿಂದ. ಹೆದರಿಸುವ ಜಾಗದಿಂದ ಹಿಂದೆ ಸರಿದ ಕೂಡಲೇ ಹಿಂಸೆ ಇಳಿಯುತ್ತದೆ. ಆ ಇಳಿತವೇ ಬಹುಮಾನ. ಬಹುಮಾನ ಸಿಕ್ಕ ವರ್ತನೆ ಮತ್ತೆ ಮತ್ತೆ ಬರುತ್ತದೆ. ಪಠ್ಯದಲ್ಲಿ ಇದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಬಹಳ ಜನ ಇದನ್ನು ಶಿಕ್ಷೆ ಎಂದು ತಪ್ಪಾಗಿ ಬರೆದು ಅಂಕ ಕಳೆದುಕೊಳ್ಳುತ್ತಾರೆ! 1953ರಲ್ಲಿ ಸಾಲಮನ್ ಮತ್ತು ವಿನ್ ಎಂಬುವರು ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಸೂಚನೆ ಬಂದೊಡನೆ ಪಕ್ಕದ ಅಂಕಣಕ್ಕೆ ಹಾರಿದರೆ ವಿದ್ಯುತ್ ಆಘಾತ ತಪ್ಪುತ್ತದೆಂದು ಕಲಿತ ನಾಯಿಗಳು, ಆಘಾತವನ್ನು ಪೂರ್ತಿ ನಿಲ್ಲಿಸಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ನಿಂತು ನೋಡಿದ್ದರೆ ತಾನೇ ಆಘಾತ ಇಲ್ಲವೆಂದು ಗೊತ್ತಾಗುವುದು? ಹಾರಿದ್ದರಿಂದಲೇ ಬಚಾವಾದೆ ಎಂಬ ಲೆಕ್ಕ ಅವುಗಳದು. ಕಚೇರಿಯ ಬೀಳ್ಕೊಡುಗೆ ಸಮಾರಂಭದಲ್ಲಿ ‘ನಾನು ಮಾತಾಡೋದಿಲ್ಲ, ಹಾರ ಹಾಕ್ತೀನಿ ಬಿಡಿ’ ಎಂದು ಹಿಂದೆ ಸರಿಯುವವರ ಲೆಕ್ಕವೂ ಅದೇ.

ಪ್ರಯೋಗಶಾಲೆಯ ನಾಯಿಯಿಂದ ಮನುಷ್ಯನ ಬಾಳಿಗೆ ನೇರ ಜಿಗಿಯುವುದು ಸರಿಯಲ್ಲ ಎನ್ನುವವರಿಗೆ ನಾನು ಗಾಂಧೀಜಿಯ ಆತ್ಮಕಥೆಯನ್ನು ತೋರಿಸಲು ಬಯಸುತ್ತೇನೆ. 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಆ ನೆನಪುಗಳಲ್ಲಿ, ದೇಶವನ್ನೇ ಎಬ್ಬಿಸಿದ ಮನುಷ್ಯ ತನ್ನ ಬಾಯಿ ಕಟ್ಟಿಹೋದ ಸಂದರ್ಭಗಳನ್ನು ಒಂದೊಂದಾಗಿ ಲೆಕ್ಕ ಒಪ್ಪಿಸುತ್ತಾರೆ. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರೂ ಸಭೆಗಳಲ್ಲಿ ಮಾತಿಲ್ಲ. ಡಾ. ಆಲಿನ್ಸನ್ ಎಂಬುವರನ್ನು ಸಂಘದಿಂದ ತೆಗೆಯುವ ಚರ್ಚೆ ಬಂದಾಗ ಅದು ಅನ್ಯಾಯವೆಂದು ಅವರಿಗೆ ಸ್ಪಷ್ಟವಾಗಿತ್ತು. ಅಭಿಪ್ರಾಯವನ್ನು ಬರೆದುಕೊಂಡು ಹೋಗಿದ್ದರೂ ಓದಲು ಧೈರ್ಯ ಬರದೆ ಇನ್ನೊಬ್ಬರು ಓದಬೇಕಾಯಿತು. ವೆಂಟ್‌ನರ್ ಎಂಬ ಊರಿನ ಸಸ್ಯಾಹಾರಿಗಳ ಸಭೆಯಲ್ಲಿ ಬರೆದ ಭಾಷಣ ಒಂದು ಹಾಳೆಗಿಂತ ಹೆಚ್ಚಿರಲಿಲ್ಲ. ಎದ್ದು ನಿಂತರು, ಕಣ್ಣು ಮಂಜಾಯಿತು, ಮೈ ನಡುಗಿತು. ಜೊತೆಗಿದ್ದ ಮಜುಮ್‌ದಾರ್ ಅದನ್ನು ಓದಿದರು. 1891ರಲ್ಲಿ ಭಾರತಕ್ಕೆ ಹೊರಡುವ ಮುನ್ನ ಗೆಳೆಯರಿಗೆ ಕೊಟ್ಟ ಔತಣದಲ್ಲಿ ಸಿದ್ಧಮಾಡಿಕೊಂಡ ಮಾತು ಬಾಯಿಗೆ ಬರದೆ ವಂದನೆ ಹೇಳಿ ಕೂತರು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆ. ಪಾಟೀಸವಾಲಿಗೆ ಎದ್ದರೆ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. 30 ರೂಪಾಯಿ ಫೀಜನ್ನು ಹಿಂದಕ್ಕೆ ಕೊಟ್ಟರು, ಮೊಕದ್ದಮೆಗೆ 51 ರೂಪಾಯಿಗೆ ಬೇರೆ ವಕೀಲರು ಬಂದರು.

ಈ ಘಟನೆಗಳನ್ನು ನಾಚಿಕೆ ಸ್ವಭಾವದ ಯುವಕನ ಕಥೆಯೆಂದು ಓದುವುದು ರೂಢಿ. ವರ್ತನೆಯ ದಾಖಲೆಯೆಂದು ಓದಿದರೆ ಬೇರೆಯೇ ನಮೂನೆ ಕಾಣುತ್ತದೆ. ಪ್ರತಿ ಸಲವೂ ಭಯ ಏರುತ್ತಾ ಹೋಗಿ ತುತ್ತತುದಿ ಮುಟ್ಟಿದ ಕ್ಷಣದಲ್ಲೇ ಯಾರೋ ಕಾಗದ ತೆಗೆದುಕೊಳ್ಳುತ್ತಾರೆ, ಅಥವಾ ಅವರೇ ಕೂತುಬಿಡುತ್ತಾರೆ. ಪ್ರತಿ ಸಲವೂ ಬಿಡುಗಡೆ. ಮಮೀಬಾಯಿ ಮೊಕದ್ದಮೆಯ ನಂತರ ದಕ್ಷಿಣ ಆಫ್ರಿಕಕ್ಕೆ ಹೋಗುವ ತನಕ ಕೋರ್ಟಿನತ್ತ ತಲೆ ಹಾಕಲಿಲ್ಲ ಎಂದು ಅವರೇ ಬರೆಯುತ್ತಾರೆ. ತಪ್ಪಿಸಿಕೊಳ್ಳುವಿಕೆ ಒಂದು ಭಾಷಣದಿಂದ ಇಡೀ ವೃತ್ತಿಗೆ ಹಬ್ಬಿದ್ದು ಹೀಗೆ. ‘ಧೈರ್ಯ ಮಾಡಿ ಒಂದು ಸಲ ನಿಂತುಬಿಡು, ಎಲ್ಲ ಸರಿಹೋಗುತ್ತೆ’ ಎಂಬ ನಮ್ಮ ಹಿರಿಯರ ಸಲಹೆ ಏಕೆ ಫಲಿಸುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಗಾಂಧಿ ನಿಲ್ಲದೇ ಇರಲಿಲ್ಲ, ಪದೇ ಪದೇ ನಿಂತರು. ಆದರೆ ಒಮ್ಮೆಯೂ ಭಯ ತಾನಾಗಿ ಇಳಿಯುವ ತನಕ ನಿಲ್ಲಲಿಲ್ಲ. ಭಯದ ಶಿಖರದಲ್ಲಿ ಬಿಟ್ಟುಬಂದರೆ ಮನಸ್ಸು ಕಲಿಯುವುದು ಆ ಜಾಗ ನಿಜಕ್ಕೂ ಅಪಾಯದ್ದು ಎಂಬುದನ್ನು.

ಭಯ ಬಿಡಿಸುವ ದಾರಿಯನ್ನು ಮೊದಲು ತೋರಿಸಿದವರು ಮೇರಿ ಕವರ್ ಜೋನ್ಸ್. 1924ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಪೀಟರ್ ಎಂಬ, ಮೂರು ವರ್ಷ ತುಂಬದ ಹುಡುಗನಿಗೆ ಮೊಲ ಕಂಡರೆ ಭಯ. ಹುಡುಗ ಇಷ್ಟದ ತಿಂಡಿ ತಿನ್ನುತ್ತಿದ್ದಾಗ ಮೊಲದ ಪಂಜರವನ್ನು ಕೋಣೆಯ ದೂರದ ಮೂಲೆಯಲ್ಲಿ ಇಟ್ಟರು. ಅದಕ್ಕೆ ಒಗ್ಗಿದ ಮೇಲೆ ತುಸು ಹತ್ತಿರ, ಮತ್ತೆ ತುಸು ಹತ್ತಿರ. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಕೂರಿಸಿದರು. ಕೊನೆಗೆ ಪೀಟರ್ ಮೊಲವನ್ನು ಕೈಯಾರೆ ಸವರಿದ. ಭಯವನ್ನು ಹುಟ್ಟಿಸಲು ಬಡಿದ ವ್ಯಾಟ್ಸನ್ ಪ್ರತಿ ಪಠ್ಯಪುಸ್ತಕದಲ್ಲೂ ಇದ್ದಾನೆ. ಅದನ್ನು ಇಳಿಸಿದ ಈ ಹೆಣ್ಣುಮಗಳ ಹೆಸರು ನಮ್ಮ ಟಿಇಟಿ ಗೈಡುಗಳಲ್ಲಿ ಕಾಣುವುದು ಅಪರೂಪ. ಆಮೇಲೆ ಜೋಹಾನ್ಸ್‌ಬರ್ಗಿನಲ್ಲಿ, ಗಾಂಧಿ ವಕೀಲಿ ನಡೆಸಿದ್ದ ಅದೇ ಊರಿನಲ್ಲಿ, ಜೋಸೆಫ್ ವೋಲ್ಪೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಮೈ ಸಡಿಲಿಸಿಕೊಂಡು ಭಯದ ಮೆಟ್ಟಿಲುಗಳನ್ನು ಕೆಳಗಿನಿಂದ ಒಂದೊಂದಾಗಿ ಏರುವ ಚಿಕಿತ್ಸೆಯನ್ನು ರೂಪಿಸಿ 1958ರಲ್ಲಿ ಪುಸ್ತಕವಾಗಿ ಹೊರತಂದರು. ಭಾಷಣದ ಭಯಕ್ಕೇ ಅದನ್ನು ನೇರವಾಗಿ ಒರೆಗೆ ಹಚ್ಚಿದವರು ಇಲಿನಾಯ್ ವಿಶ್ವವಿದ್ಯಾಲಯದ ಗಾರ್ಡನ್ ಪಾಲ್. ಅವರ ಅಧ್ಯಯನ 1966ರಲ್ಲಿ ಬಂತು. ಭಾಷಣದ ತರಗತಿಗೆ ಸೇರಿದ್ದ, ಭಾಷಣಕ್ಕೇ ಹೆದರುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಮೆಟ್ಟಿಲು ಏರುವ ಈ ಕ್ರಮ. ಇನ್ನೊಂದಕ್ಕೆ ಭಯದ ಮೂಲವನ್ನು ಮಾತುಕತೆಯಲ್ಲಿ ಶೋಧಿಸುವ ಕ್ರಮ. ಮತ್ತೊಂದಕ್ಕೆ ಬರೀ ಹುಸಿ ಮಾತ್ರೆ ಮತ್ತು ಆಸ್ಥೆ. ಉಳಿದವರಿಗೆ ಏನೂ ಇಲ್ಲ. ಐದೇ ಬೈಠಕ್ಕುಗಳ ನಂತರ ಎಲ್ಲರಿಂದಲೂ ಭಾಷಣ ಮಾಡಿಸಿ, ನಾಡಿಬಡಿತ ಎಣಿಸಿ, ಅಂಗೈಯ ಬೆವರನ್ನೂ ಅಳೆದರು. ಮೊದಲ ಗುಂಪು ಉಳಿದವುಗಳಿಗಿಂತ ಸ್ಪಷ್ಟವಾಗಿ ಮುಂದಿತ್ತು. ಎರಡು ವರ್ಷದ ನಂತರ ವಿಚಾರಿಸಿದಾಗಲೂ ಆ ಲಾಭ ಉಳಿದಿತ್ತು. ಭಯ ಏಕೆ ಬಂತೆಂದು ತಿಳಿದುಕೊಂಡರೆ ಅದು ಹೋಗುತ್ತದೆ ಎಂಬ ನಂಬಿಕೆಗೆ ಇದು ಬಿದ್ದ ಗಟ್ಟಿ ಪೆಟ್ಟು.

ಈಗ ದಕ್ಷಿಣ ಆಫ್ರಿಕದ ಪ್ರಿಟೋರಿಯಾಕ್ಕೆ ಬನ್ನಿ. 1893ರಲ್ಲಿ ಅಲ್ಲಿನ ಹಾಜಿ ಮಹಮ್ಮದ್ ಹಾಜಿ ಜೂಸಬ್ ಸೇಠರ ಮನೆಯಲ್ಲಿ ಸೇರಿದ ಭಾರತೀಯರ ಎದುರು ಗಾಂಧಿ ಮಾತಾಡಿದರು. ಅದನ್ನೇ ತಮ್ಮ ಮೊದಲ ಸಾರ್ವಜನಿಕ ಭಾಷಣ ಎಂದು ಕರೆದುಕೊಂಡರು. ಏನು ಬದಲಾಗಿತ್ತು? ಸಭಾಂಗಣವಿಲ್ಲ, ಒಂದು ಮನೆ. ಕೇಳುವವರು ಹೆಚ್ಚಿನವರು ಮೇಮನ್ ವ್ಯಾಪಾರಿಗಳು, ತಮ್ಮದೇ ಸೀಮೆಯ ಕಡೆಯವರು. ವಿಷಯ ವ್ಯಾಪಾರದಲ್ಲಿ ಪ್ರಾಮಾಣಿಕತೆ, ಮೊದಲೇ ಚೆನ್ನಾಗಿ ಯೋಚಿಸಿಕೊಂಡದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂದೇ ದಿನದ ಪರೀಕ್ಷೆ ಆಗಿರಲಿಲ್ಲ. ಆ ಕೂಟಗಳು ಹೆಚ್ಚುಕಡಿಮೆ ನಿಯಮಿತವಾಗಿ ಮುಂದುವರಿದವು, ಅಲ್ಲಿ ಸೇರಿದ ಕೆಲವರಿಗೆ ಅವರು ಇಂಗ್ಲಿಷ್ ಕಲಿಸುವುದಕ್ಕೂ ತೊಡಗಿದರು. ಪೀಟರನ ಪಂಜರ ಕೋಣೆಯ ಮೂಲೆಯಲ್ಲಿತ್ತು ಎಂಬುದನ್ನು ನೆನಪಿಡಿ. ಯಾರೂ ಯೋಜಿಸದೆ, ಪರಿಸ್ಥಿತಿಯೇ ಗಾಂಧಿಗೆ ಕೆಳಗಿನ ಮೆಟ್ಟಿಲನ್ನು ಒದಗಿಸಿತು. ಹಾಗೆಂದು ಭಯ ಅಳಿಸಿಹೋಯಿತೆಂದಲ್ಲ. 1896ರಲ್ಲಿ ಮುಂಬಯಿಯ ಸರ್ ಕಾವಸ್‌ಜಿ ಜಹಾಂಗೀರ್ ಸಭಾಂಗಣ ಕಿಕ್ಕಿರಿದಿತ್ತು. ಗಾಂಧಿಯ ದನಿ ಮತ್ತೆ ನಡುಗಿತು. ಮುಂಬಯಿಯ ನಾಯಕ ಫಿರೋಜ್‌ಶಾ ಮೆಹ್ತಾ ‘ಗಟ್ಟಿಯಾಗಿ’ ಎನ್ನುತ್ತಾ ಹೋದಂತೆ ದನಿ ಇನ್ನೂ ಕುಗ್ಗಿತು. ಕಡೆಗೆ ಇನ್ನೊಬ್ಬ ನಾಯಕ ದಿನ್‌ಶಾ ವಾಚಾ ಭಾಷಣವನ್ನು ಓದಿ ಮುಗಿಸಿದರು. ಇದನ್ನು ಸೋಲೆಂದು ತಿಳಿಯುವವರು ಕಲಿಕೆಯ ಸ್ವಭಾವವನ್ನು ಅರಿತಿಲ್ಲ. ಹಳೆಯ ಭಯ ಒರೆಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಅನುಭವವೊಂದು ಬೆಳೆಯುತ್ತದೆ. ಜಾಗ ಬದಲಾದರೆ, ಸಭೆ ದೊಡ್ಡದಾದರೆ ಹಳೆಯದು ಮತ್ತೆ ತಲೆ ಎತ್ತುತ್ತದೆ. ಆದ್ದರಿಂದಲೇ ಒಂದು ಕಡೆ ಗೆದ್ದವರು ಬೇರೆ ಬೇರೆ ಕಡೆ, ಬೇರೆ ಬೇರೆ ಗಾತ್ರದ ಸಭೆಗಳಲ್ಲಿ ಮತ್ತೆ ಕಲಿಯಬೇಕಾಗುತ್ತದೆ. ನಟಾಲಿನಲ್ಲಿ ವರ್ಷಗಟ್ಟಲೆ ಅಲ್ಲಿನ ಭಾರತೀಯರ ಕಾಂಗ್ರೆಸ್ಸಿನ ಸಭೆಗಳನ್ನು ನಡೆಸಿದ್ದು ಅವರಿಗೆ ಆ ಅವಕಾಶ ಕೊಟ್ಟಿತು.

ಗಾಂಧಿಯನ್ನು ಬದಲಿಸಿದ್ದು ಮೆಟ್ಟಿಲೂ ಅಲ್ಲ ಮೊಲವೂ ಅಲ್ಲ, ಅನ್ಯಾಯದ ವಿರುದ್ಧದ ಸಿಟ್ಟು, ಉದ್ದೇಶ ದೊಡ್ಡದಾದರೆ ಭಯ ತಾನೇ ಓಡುತ್ತದೆ ಎಂಬ ಆಕ್ಷೇಪ ಬರಬಹುದು. ಕೇಳಲು ಚೆಂದದ ಮಾತು. ಆದರೆ ಆಲಿನ್ಸನ್ ಪ್ರಸಂಗದಲ್ಲೂ ಅನ್ಯಾಯದ ಅರಿವಿತ್ತು, ದೃಢ ನಂಬಿಕೆಯಿತ್ತು, ಆದರೂ ಬಾಯಿ ಬರಲಿಲ್ಲ. 1896ರ ಮುಂಬಯಿಯಲ್ಲಂತೂ ಸಾವಿರಾರು ಜನರ ಸಂಕಟವೇ ವಿಷಯವಾಗಿತ್ತು. ಉದ್ದೇಶ ಮನುಷ್ಯನನ್ನು ಮತ್ತೆ ಸಭೆಗೆ ಕರೆತರುತ್ತದೆ, ಚಪ್ಪಾಳೆ ಇಲ್ಲದಿದ್ದರೂ ಬರುವಂತೆ ಮಾಡುತ್ತದೆ. ಅದರ ಬೆಲೆ ಅಷ್ಟು, ಮತ್ತು ಅದು ಕಡಿಮೆ ಬೆಲೆಯಲ್ಲ. ಉಳಿದ ಕೆಲಸ ಮರಳಿ ಮರಳಿ ನಿಂತದ್ದರಿಂದ ಆದದ್ದು. ಇನ್ನೊಂದು ಆಕ್ಷೇಪ ಮನಶ್ಶಾಸ್ತ್ರದ ಒಳಗಿನಿಂದಲೇ ಬರುತ್ತದೆ: ಹೆದರಿಸುವುದು ಸಭೆಯಲ್ಲ, ಸಭೆಯ ಬಗ್ಗೆ ನಾವು ಮಾಡಿಕೊಳ್ಳುವ ಊಹೆ, ಆದ್ದರಿಂದ ಮೊದಲು ಆಲೋಚನೆ ಬದಲಾಗಬೇಕು. ಇದರಲ್ಲಿ ಸತ್ಯವಿದೆ. ಭಾಷಣ ಚೆನ್ನಾಗಿ ಆದರೂ ‘ಇವತ್ತು ಹೇಗೋ ಪಾರಾದೆ’ ಎಂದುಕೊಳ್ಳುವವನು ಏನನ್ನೂ ಕಲಿತಂತಾಗುವುದಿಲ್ಲ. ಹಾಗಾಗಿ, ‘ಎಲ್ಲರೂ ನಗುತ್ತಾರೆ’ ಎಂಬ ತನ್ನ ಊಹೆಯನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟು, ಮಾತಾಡಿದ ಮೇಲೆ ನಡೆದದ್ದರ ಜೊತೆ ಹೋಲಿಸಿ ನೋಡುವುದು ಒಳ್ಳೆಯದು. ಆದರೆ ಆ ಊಹೆ ಸುಳ್ಳಾಗಬೇಕಾದರೂ ನಿಂತು ಮಾತಾಡಲೇಬೇಕಲ್ಲ. ತನ್ನಿಂದಾಗುತ್ತದೆ ಎಂಬ ನಂಬಿಕೆಯನ್ನೇ ಕೇಂದ್ರವಾಗಿಟ್ಟುಕೊಂಡು 1977ರಲ್ಲಿ ಸಿದ್ಧಾಂತ ಕಟ್ಟಿದ ಆಲ್ಬರ್ಟ್ ಬಂಡೂರ ಕೂಡ ಆ ನಂಬಿಕೆಯ ಅತಿ ಗಟ್ಟಿ ಮೂಲ ಮಾಡಿ ಗೆದ್ದ ಅನುಭವವೇ ಎಂದರು. ಬೇರೆಯವರು ಮಾಡುವುದನ್ನು ನೋಡುವುದು, ಹುರಿದುಂಬಿಸುವ ಮಾತು, ಇವು ಆಮೇಲಿನವು.

ಕೆಲವರು ಹುಟ್ಟಾ ಸಂಕೋಚದವರು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಹಾರ್ವರ್ಡಿನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳನ್ನು ಗಮನಿಸಿ, ಹೊಸದು ಕಂಡರೆ ಕೈಕಾಲು ಬಡಿದು ಅಳುವ ಕೂಸುಗಳು ಸುಮಾರು ಐದರಲ್ಲೊಂದು ಎಂದು ಕಂಡರು. ಅಂಥವು ಮುಂದೆ ಅಂಜುಕುಳಿಗಳಾಗುವ ಸಂಭವ ಹೆಚ್ಚು. ಸಂಭವ ಹೆಚ್ಚು ಅಷ್ಟೇ, ವಿಧಿಬರಹವಲ್ಲ. ಅವರಲ್ಲಿ ಅನೇಕರು ಹಾಗಾಗಲಿಲ್ಲ. ಹುಟ್ಟುಗುಣ ಮೆಟ್ಟಿಲ ಎತ್ತರವನ್ನು ನಿರ್ಧರಿಸಬಹುದು, ಮೆಟ್ಟಿಲೇ ಬೇಡವೆಂದು ಹೇಳುವುದಿಲ್ಲ. ಎಲ್ಲರೂ ಭಾಷಣಕಾರರಾಗಬೇಕೆಂದೂ ಇಲ್ಲ. ಗಾಂಧಿ ತಮ್ಮ ಸಂಕೋಚವನ್ನು ಶಪಿಸಲಿಲ್ಲ; ಮಾತನ್ನು ಅಳೆದು ಆಡುವುದನ್ನು ಅದೇ ಕಲಿಸಿತು ಎಂದರು, ಮುಂದೆಯೂ ಅಬ್ಬರದ ವಾಗ್ಮಿಯಾಗಲಿಲ್ಲ. ಮೌನ ಆಯ್ಕೆಯಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಡ. ತನ್ನ ಹಕ್ಕಿನ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಗ್ರಾಮಸಭೆಯಲ್ಲಿ ಎದ್ದು ಕೇಳಬೇಕಾದ ಪ್ರಶ್ನೆ ಮನೆಗೆ ಬಂದಮೇಲೆ ನೆನಪಾಗುತ್ತಿದ್ದರೆ ಅದು ಆಯ್ಕೆಯಲ್ಲ.

ಇದೆಲ್ಲ ಪರದೇಶದ ಪ್ರಯೋಗ, ನಮ್ಮ ನೆಲಕ್ಕೆ ಒಗ್ಗುವುದೇ ಎಂದರೆ, ಹಳೆಯ ಯಕ್ಷಗಾನ ಮೇಳಗಳನ್ನು ನೆನಪಿಸಿಕೊಳ್ಳಬೇಕು. ಮೇಳಕ್ಕೆ ಸೇರಿದ ಹುಡುಗನನ್ನು ಯಾರೂ ನೇರವಾಗಿ ಕರ್ಣನನ್ನೋ ಕೌರವನನ್ನೋ ಮಾಡಿ ರಂಗಕ್ಕೆ ದೂಡುತ್ತಿರಲಿಲ್ಲ. ಮೊದಲು ಪೂರ್ವರಂಗದ ಕೋಡಂಗಿ. ಮಾತಿಲ್ಲ, ನಾಲ್ಕು ಹೆಜ್ಜೆ, ಪ್ರಸಂಗ ಶುರುವಾಗುವ ಮುಂಚೆ ಪ್ರೇಕ್ಷಕರು ಇನ್ನೂ ಬಂದು ಸೇರುತ್ತಿರುವ ಹೊತ್ತು. ಆಮೇಲೆ ಬಾಲಗೋಪಾಲ, ಪಕ್ಕದಲ್ಲಿ ಜೊತೆಗಾರ. ನಂತರ ಪೀಠಿಕೆಯ ಸ್ತ್ರೀವೇಷ, ಒಂದೆರಡು ಮಾತಿನ ಸಣ್ಣಪುಟ್ಟ ವೇಷಗಳು; ಅರ್ಥಗಾರಿಕೆ ಬೇಡುವ ದೊಡ್ಡ ವೇಷ ವರ್ಷಗಳ ಆಚೆ. ನಡುವೆ ಇಡೀ ರಾತ್ರಿ ಹಿರಿಯರು ವೇಷ ಕಟ್ಟುವುದು, ಮಾತು ಕಟ್ಟುವುದು ಕಣ್ಣೆದುರೇ ನಡೆಯುತ್ತಿತ್ತು. ಸ್ಕಿನ್ನರ್ ಪಾರಿವಾಳಕ್ಕೆ ಹಂತಹಂತವಾಗಿ ವರ್ತನೆ ರೂಪಿಸಿದ್ದು, ಬಂಡೂರ ನೋಡಿ ಕಲಿಯುವುದರ ಬಗ್ಗೆ ಬರೆದದ್ದು, ಜೋನ್ಸ್ ಜೊತೆಗೆ ಮಕ್ಕಳನ್ನು ಕೂರಿಸಿದ್ದು, ಮೂರೂ ಆ ವ್ಯವಸ್ಥೆಯೊಳಗೆ ಹೆಸರಿಲ್ಲದೆ ಇದ್ದವು. ಮೇಳದ ಬದುಕು ಮೃದುವಾಗಿತ್ತೆಂದು ನಾನು ಹೇಳುತ್ತಿಲ್ಲ, ಏಟು ಬೈಗುಳ ಅಲ್ಲೂ ಇದ್ದವು. ಆದರೆ ಏಣಿ ಇತ್ತು. ಕಾಲಮಿತಿಯ ಪ್ರದರ್ಶನಗಳು ಬಂದು ಪೂರ್ವರಂಗ ಮೊಟಕಾದಾಗ ನಾವು ಕಳೆದುಕೊಂಡದ್ದರಲ್ಲಿ ಆ ಏಣಿಯ ಕೆಳಗಿನ ಮೆಟ್ಟಿಲುಗಳೂ ಸೇರಿವೆ. ನಮ್ಮ ಶಾಲೆಗಳಲ್ಲಂತೂ ಅವು ಇರಲೇ ಇಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ‘ಹಾಲು’ ಎನ್ನುವಲ್ಲಿ ‘ಆಲು’ ಎಂದು ಬಂದರೆ ನಗುವ ತರಗತಿ, ಲಂಬಾಣಿಯನ್ನೋ ತುಳುವನ್ನೋ ಮನೆಮಾತಾಗಿ ಆಡುವ ಮಗುವಿನ ಧಾಟಿಯನ್ನು ಅಣಕಿಸುವ ಸಹಪಾಠಿಗಳು, ಹೆಣ್ಣುಮಗಳು ಗಟ್ಟಿಯಾಗಿ ಮಾತಾಡಿದರೆ ಮುಖ ಸಿಂಡರಿಸುವ ಹಿರಿಯರು, ಕೇರಿಯಿಂದ ಬಂದ ಹುಡುಗ ಬಾಯಿ ತೆರೆದರೆ ಕಿರುನಗೆ. ಇವರ ಭಯ ಭ್ರಮೆಯೇ? ಅಲ್ಲ. ಅಲ್ಲಿ ಆಘಾತ ನಿಂತಿಲ್ಲ, ವಿದ್ಯುತ್ ಇನ್ನೂ ಹರಿಯುತ್ತಿದೆ. ಅಂಥ ಮಗುವಿಗೆ ‘ಅಭ್ಯಾಸ ಮಾಡು, ಭಯ ಹೋಗುತ್ತೆ’ ಎಂದು ಏಣಿ ತೋರಿಸುವುದು ಅನ್ಯಾಯ. ಆದರೆ ಈ ಆಕ್ಷೇಪ ವರ್ತನವಾದವನ್ನು ಉರುಳಿಸುವುದಿಲ್ಲ, ಅದಕ್ಕೆ ಬಲ ಕೊಡುತ್ತದೆ. ಮನುಷ್ಯನ ವರ್ತನೆಗೆ ಕಾರಣವನ್ನು ಅವನ ಎದೆಗಾರಿಕೆಯಲ್ಲಿ ಹುಡುಕದೆ ಸುತ್ತಲಿನ ಪರಿಣಾಮಗಳಲ್ಲಿ ಹುಡುಕುವ ಶಾಸ್ತ್ರ ಅದು. ಮಗು ಮೂಕವಾದರೆ ಪರೀಕ್ಷಿಸಬೇಕಾದದ್ದು ಸಭೆಯನ್ನು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1993ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಇಂದು ಲೋಕದೆಲ್ಲೆಡೆ ಒತ್ತಡವನ್ನು ಅಳೆಯಲು ಬಳಸುತ್ತಾರೆ. ಅದರ ವಿಧಾನ ಇಷ್ಟೇ: ಆರೋಗ್ಯವಂತ ವಯಸ್ಕರನ್ನು ನಿಲ್ಲಿಸಿ ಐದು ನಿಮಿಷ ಮಾತಾಡಿಸುವುದು, ಆಮೇಲೆ ಬಾಯಿಲೆಕ್ಕ ಮಾಡಿಸುವುದು, ಎದುರು ಕೂತವರು ನಗಬಾರದು, ತಲೆಯಾಡಿಸಬಾರದು, ಮುಖದಲ್ಲಿ ಯಾವ ಭಾವವನ್ನೂ ತೋರಬಾರದು. ಬಹುತೇಕರ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಬೈಯುವುದೂ ಬೇಡ, ಬರೀ ಕಲ್ಲುಮುಖ ಸಾಕು. ನಮ್ಮ ಸಭೆಗಳ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂರುವ ಗಣ್ಯರು ಈ ಪರೀಕ್ಷೆಯನ್ನು ಪುಕ್ಕಟೆ ನಡೆಸಿಕೊಡುತ್ತಿದ್ದಾರೆ.

ಅದಕ್ಕೇ ಶಿಕ್ಷಕರಲ್ಲಿ ನನ್ನ ಬಿನ್ನಹ ಇದು. ಈ ಜೂನ್‌ನಿಂದ ಮಾತಾಡದ ಮಗುವನ್ನು ವೇದಿಕೆಗೆ ಕರೆಯಬೇಡಿ. ಅದು ಕೂತ ಬೆಂಚಿನಲ್ಲೇ, ಪಕ್ಕದವರಿಗೆ ಕೇಳುವಂತೆ ಒಂದು ವಾಕ್ಯ ಹೇಳಲಿ, ಬೇಕಾದರೆ ಚೀಟಿ ನೋಡಿಯೇ ಹೇಳಲಿ. ನಾಳೆ ಎದ್ದು ನಿಂತು ಅದೇ ವಾಕ್ಯ, ಮುಂದಿನ ವಾರ ಕರಿಹಲಗೆಯ ಬಳಿ ಬಂದು ಎರಡು ವಾಕ್ಯ; ಆಗಸ್ಟ್ 15ರ ಮೈಕು ಬೇಕಿದ್ದರೆ ಮುಂದಿನ ವರ್ಷಕ್ಕಿರಲಿ. ನಡುವೆ ತಡೆದು ನಿಂತರೆ ಕೂರಿಸಬೇಡಿ, ಬೈಯಲೂ ಬೇಡಿ; ಸುಮ್ಮನೆ ಕಾಯಿರಿ, ಹೇಳಬೇಕಾದ ಪದವನ್ನು ಮೆಲ್ಲಗೆ ಎತ್ತಿಕೊಡಿ, ವಾಕ್ಯ ಮುಗಿದ ಮೇಲೆಯೇ ಕೂರಲು ಹೇಳಿ. ಮತ್ತು ಮಗುವಿಗೆ ಮಾತು ಕಲಿಸುವ ಮೊದಲು ಉಳಿದ ನಲವತ್ತು ಮಕ್ಕಳಿಗೆ ಕೇಳುವುದನ್ನು ಕಲಿಸಿ. ತಪ್ಪು ಉಚ್ಚಾರಕ್ಕೆ ನಕ್ಕವರನ್ನು ಅಲ್ಲೇ ತಡೆಯಿರಿ, ಪೂರ್ತಿ ಕೇಳಿಸಿಕೊಂಡವರನ್ನು ಹೆಸರು ಹಿಡಿದು ಮೆಚ್ಚಿರಿ. ಇದಕ್ಕೆ ಅನುದಾನ ಬೇಡ, ಸುತ್ತೋಲೆಯೂ ಬೇಡ; ದಿನಕ್ಕೆ ಹತ್ತು ನಿಮಿಷ ಸಾಕು.